ದೆಹಲಿಯ ಕಡತಗಳಲ್ಲಿ ತುರ್ಕಿ

ನವದೆಹಲಿಯ ತೀನ್ ಮೂರ್ತಿ ಚೌಕದ ನಡುವೆ ನಿಂತಿರುವ ಮೂರು ಕಂಚಿನ ಯೋಧಪ್ರತಿಮೆಗಳನ್ನು ಪ್ರತಿದಿನವೂ ಸುತ್ತಿಕೊಂಡು ಹೋಗುವ ಸಹಸ್ರಾರು ಜನರಲ್ಲಿ, ಆ ಮೂವರಲ್ಲಿ ಒಬ್ಬನು ಮೈಸೂರು ಸಂಸ್ಥಾನದ ಸವಾರನೆಂಬುದನ್ನಾಗಲಿ, ಅವನು ಸೆಣಸಿದ್ದು ತುರ್ಕರೊಡನೆ ಎಂಬುದನ್ನಾಗಲಿ ಬಲ್ಲವರು ವಿರಳ. ಲಿಯೊನಾರ್ಡ್ ಜೆನ್ನಿಂಗ್ಸ್ ಎಂಬ ಶಿಲ್ಪಿಯ ಕೈಯಿಂದ 1922ರಲ್ಲಿ ಮೂಡಿದ ಈ ಸ್ಮಾರಕವು ಹದಿನೈದನೆಯ ಇಂಪೀರಿಯಲ್ ಸರ್ವಿಸ್ ಅಶ್ವದಳಕ್ಕೆ ಸೇರಿದ್ದ ಜೋಧಪುರ, ಮೈಸೂರು, ಹೈದರಾಬಾದು ಸಂಸ್ಥಾನಗಳ ಲಾನ್ಸರ್ ಪಡೆಗಳದ್ದು; ಅವುಗಳಲ್ಲಿ ಮೊದಲಿನ ಎರಡು ಪಡೆಗಳು 1918ರ ಸೆಪ್ಟೆಂಬರ್ 23ರಂದು, ಮೆಷಿನ್‌ಗನ್ನುಗಳ ಎದುರಿಗೆ ಭಲ್ಲೆಗಳನ್ನು ಹಿಡಿದು ಕುದುರೆಗಳನ್ನು ನುಗ್ಗಿಸಿ, ಪ್ಯಾಲೆಸ್ತೀನಿನ ಹೈಫಾ ಪಟ್ಟಣವನ್ನು ಆಟೊಮನ್ ಸೈನ್ಯದಿಂದ ಕಿತ್ತುಕೊಂಡವು. ಈ ಚೌಕದ ಮಗ್ಗುಲಿಗೇ ಇರುವ, ಒಂದು ಕಾಲಕ್ಕೆ ಸೇನಾಧಿಪತಿಯ ನಿವಾಸವಾಗಿದ್ದು ಅನಂತರ ನೆಹರೂ ಅವರ ಮನೆಯಾಗಿ ಕಡೆಗೆ ವಸ್ತುಸಂಗ್ರಹಾಲಯವೂ ಗ್ರಂಥಾಲಯವೂ ಆದ ಭವನದ ಆವರಣದೊಳಕ್ಕೆ ಹೋದರೆ, ಮೈಸೂರಿನ ಸವಾರನು ಯಾರ ಮೇಲೆ ಭಲ್ಲೆ ಎತ್ತಿದನೋ ಅದೇ ತುರ್ಕರ ಪರವಾಗಿ ಬರೆದು ಸೆರೆಯನ್ನು ಅನುಭವಿಸಿದ ದೆಹಲಿಯ ಪತ್ರಕರ್ತನೊಬ್ಬನ ವಾರಪತ್ರಿಕೆಯನ್ನು ಮೈಕ್ರೋಫಿಲ್ಮ್ ಸುರುಳಿಗಳಲ್ಲಿ ಓದಬಹುದು. ತುರ್ಕಿಯ ಇತಿಹಾಸವನ್ನೋ ಸಾಹಿತ್ಯವನ್ನೋ ರಾಜಕೀಯವನ್ನೋ ವಿಷಯವಾಗಿ ಆರಿಸಿಕೊಂಡು ದೆಹಲಿಯಲ್ಲಿ ಸ್ನಾತಕೋತ್ತರ ಪ್ರಬಂಧವನ್ನು ಬರೆಯಹೊರಡುವ ವಿದ್ಯಾರ್ಥಿಗೆ ಬಾಗಿಲಲ್ಲಿಯೇ ದೊರೆಯುವ ಈ ವೈಪರೀತ್ಯವು ಆಕಸ್ಮಿಕವಲ್ಲ. ಈ ನಗರದ ಕಾಗದಪತ್ರಗಳು ತುರ್ಕಿಯ ಹೆಸರಿನಲ್ಲಿ ಹೇಳುವುದು ಬಹುಮಟ್ಟಿಗೆ ದೆಹಲಿಯ ಆಸೆ, ಭಯ, ಮುನಿಸುಗಳ ಕಥೆಯನ್ನೇ ಎಂಬುದನ್ನು ಅವನು ಎಷ್ಟು ಬೇಗ ಅರಿಯುವನೋ ಅಷ್ಟು ಅವನ ಪ್ರಬಂಧಕ್ಕೆ ಕ್ಷೇಮ.

ಮೇಲೆ ಹೇಳಿದ ಪತ್ರಕರ್ತರು ಮೌಲಾನಾ ಮಹಮದ್ ಅಲಿಯವರು. 1911ರ ಜನವರಿಯಲ್ಲಿ ಕಲ್ಕತ್ತೆಯಲ್ಲಿ ಅವರು ಆರಂಭಿಸಿದ ‘ಕಾಮ್ರೇಡ್’ ಎಂಬ ಇಂಗ್ಲಿಷ್ ವಾರಪತ್ರಿಕೆಯು, ರಾಜಧಾನಿಯು ದೆಹಲಿಗೆ ಬಂದುದನ್ನು ಅನುಸರಿಸಿ, ಮರುವರ್ಷ ತಾನೂ ದೆಹಲಿಗೆ ಬಂದಿತು. 1913ರಲ್ಲಿ ಅದಕ್ಕೆ ‘ಹಮ್‌ದರ್ದ್’ ಎಂಬ ಉರ್ದು ಪತ್ರಿಕೆಯೂ ಜೊತೆಯಾಯಿತು. ಅದು ಆಟೊಮನ್ ಸಾಮ್ರಾಜ್ಯದ ಅಂಗಾಂಗಗಳು ಒಂದೊಂದಾಗಿ ಕಳಚಿ ಬೀಳುತ್ತಿದ್ದ ಕಾಲ. 1911ರಲ್ಲಿ ಇಟಲಿಯು ಟ್ರಿಪೊಲಿಯ ಮೇಲೆ ಕೈಮಾಡಿತು, 1912ರ ಅಕ್ಟೋಬರಿನಲ್ಲಿ ಬಾಲ್ಕನ್ ರಾಜ್ಯಗಳೆಲ್ಲ ಕೂಡಿ ಯುದ್ಧ ಹೂಡಿದವು. ಬಹದ್ದೂರ್ ಶಾಹನನ್ನು ಕಳೆದುಕೊಂಡು ಅರ್ಧ ಶತಮಾನ ಕಳೆದಿದ್ದ ದೆಹಲಿಯ ಮುಸಲ್ಮಾನ ಗೃಹಸ್ಥರಿಗೆ, ಜಗತ್ತಿನಲ್ಲಿ ತಮ್ಮವನೆಂದು ಹೇಳಿಕೊಳ್ಳಲು ಉಳಿದಿದ್ದ ದೊರೆಯೆಂದರೆ ಕಾನ್‌ಸ್ಟಾಂಟಿನೋಪಲಿನ ಖಲೀಫನೊಬ್ಬನೇ. ಆದುದರಿಂದ ‘ಕಾಮ್ರೇಡ್’ ಪುಟಗಳಲ್ಲಿ ಕಾಣುವ ತುರ್ಕನು ನಿಜವಾದ ತುರ್ಕನಿಗಿಂತ ಹೆಚ್ಚು ಧೀರನೂ ಹೆಚ್ಚು ಧಾರ್ಮಿಕನೂ ಹೆಚ್ಚು ಅಸಹಾಯಕನೂ ಆಗಿರುವುದು ಸಹಜವೇ. ಮಹಾಯುದ್ಧದಲ್ಲಿ ತುರ್ಕಿಯು ಯಾವ ಪಕ್ಷವನ್ನು ಸೇರಬೇಕೆಂಬ ವಿಷಯವಾಗಿ ಲಂಡನ್ನಿನ ‘ಟೈಮ್ಸ್’ ಪತ್ರಿಕೆ ಉಪದೇಶ ಮಾಡಲು, ಅದಕ್ಕೆ ಉತ್ತರವಾಗಿ 1914ರ ಸೆಪ್ಟೆಂಬರ್ 26ರ ಸಂಚಿಕೆಯಲ್ಲಿ ಮಹಮದ್ ಅಲಿಯವರು ಬರೆದ ಸುದೀರ್ಘ ಲೇಖನವು ಪತ್ರಿಕೆಯ ಠೇವಣಿಯನ್ನೂ ಆಯುಸ್ಸನ್ನೂ ಒಟ್ಟಿಗೆ ತೆಗೆದುಕೊಂಡು ಹೋಯಿತು. 1915ರ ಮೇ ತಿಂಗಳಿನಿಂದ 1919ರ ಕೊನೆಯವರೆಗೆ ಅವರು ಬಂಧನದಲ್ಲಿದ್ದರು. ಹೈಫಾದಲ್ಲಿ ಕುದುರೆಗಳು ಓಡಿದ ದಿನ ಅವರು ಸೆರೆಯಲ್ಲಿಯೇ ಇದ್ದರೆಂಬುದನ್ನು ಇಲ್ಲಿ ನೆನೆಯಬಹುದು.

ಮಾತಿನ ಮರುಕವು ಕಾರ್ಯರೂಪಕ್ಕೆ ಬಂದ ಒಂದು ಪ್ರಸಂಗವು ಈ ಅವಧಿಯಲ್ಲಿಯೇ ಉಂಟು. ತುರ್ಕಿಯ ಅಧ್ಯಯನಕ್ಕೆ ದೆಹಲಿಯಲ್ಲಿ ನಿಜವಾದ ಬುನಾದಿ ಬಿದ್ದುದು ಅಲ್ಲಿಂದಲೇ ಎಂದು ನನ್ನ ಮತ. ಮದರಾಸಿನಲ್ಲಿಯೂ ಎಡಿನ್‌ಬರೋದಲ್ಲಿಯೂ ವೈದ್ಯವನ್ನು ಕಲಿತು, ಲಂಡನ್ನಿನ ಚೇರಿಂಗ್ ಕ್ರಾಸ್ ಆಸ್ಪತ್ರೆಯಲ್ಲಿ ಕೆಲಸ ಮಾಡಿ, ದೆಹಲಿಯಲ್ಲಿ ವೃತ್ತಿಯನ್ನು ಆರಂಭಿಸಿದ್ದ ಡಾಕ್ಟರ್ ಮುಖ್ತಾರ್ ಅಹಮದ್ ಅನ್ಸಾರಿಯವರು 1912ರ ಡಿಸೆಂಬರಿನಲ್ಲಿ ವೈದ್ಯರನ್ನೂ ಸ್ವಯಂಸೇವಕರಾದ ಕಾಲೇಜು ತರುಣರನ್ನೂ ಕೂಡಿಸಿಕೊಂಡು, ಸಾರ್ವಜನಿಕರ ಚಂದಾ ಹಣದಿಂದ, ಬಾಲ್ಕನ್ ಯುದ್ಧದ ಗಾಯಾಳುಗಳ ಶುಶ್ರೂಷೆಗೆಂದು ಮುಂಬಯಿಯಲ್ಲಿ ಹಡಗು ಹತ್ತಿದರು. ಆಮೇಲೆ ರಾಜಕಾರಣದಲ್ಲಿ ಹೆಸರಾದ ಚೌಧುರಿ ಖಲೀಕುಜ್ಜಮಾನ್, ಶುಐಬ್ ಖುರೇಶಿ ಮೊದಲಾದವರು ಆ ತಂಡದಲ್ಲಿದ್ದ ಹುಡುಗರು. ಅಬ್ದುರ್ ರಹಮಾನ್ ಪೇಶಾವರಿ ಎಂಬಾತನು ಹಿಂದಿರುಗಿ ಬರಲೇ ಇಲ್ಲ, ಅಲ್ಲಿಯ ಸೈನ್ಯವನ್ನು ಸೇರಿ ಆ ದೇಶದವನೇ ಆಗಿಬಿಟ್ಟನು. 1913ರ ಜುಲೈಯಲ್ಲಿ ಮರಳಿ ಬರುವವರೆಗೂ ಅನ್ಸಾರಿಯವರು ಅಲ್ಲಿಂದ ಬರೆದು ಕಳುಹಿಸುತ್ತಿದ್ದ ಪತ್ರಗಳು ‘ಕಾಮ್ರೇಡ್’ನಲ್ಲಿ ಅಚ್ಚಾದವು. ಸಂಪಾದಕೀಯಗಳ ಆವೇಶವು ಈ ಪತ್ರಗಳಲ್ಲಿ ಇಲ್ಲ. ಗಾಯ, ಜ್ವರ, ಔಷಧದ ಪೆಟ್ಟಿಗೆ, ಹಾಸಿಗೆಗಳ ವ್ಯವಸ್ಥೆ, ಅಧಿಕಾರಿಗಳೊಡನೆ ನಡೆದ ಮಾತುಕತೆ ಇವೇ ಅಲ್ಲಿಯ ವಿಷಯ. ಆದ್ದರಿಂದಲೇ ಅವು ಇತಿಹಾಸಕಾರನಿಗೆ ಹೆಚ್ಚು ಬೆಲೆಯುಳ್ಳವು. ಶತಮಾನವೊಂದು ಕಳೆದ ಮೇಲೆ, ಭಾರತದಲ್ಲಿ ತುರ್ಕಿಯ ರಾಯಭಾರಿಯಾಗಿದ್ದ ಬುರಾಕ್ ಅಕ್ಚಾಪಾರ್ ಎಂಬವರು ಈ ವೈದ್ಯಯಾತ್ರೆಯ ಮೇಲೆ 2014ರಲ್ಲಿ ಒಂದು ಗ್ರಂಥವನ್ನೇ ಹೊರತಂದರು. ದೆಹಲಿಯ ಪತ್ರಿಕೆಯೊಂದರ ಕಡತವು ತುರ್ಕಿಯ ವಿದ್ವಾಂಸನಿಗೆ ಆಕರವಾಯಿತು. ನಮ್ಮ ವಿಶ್ವವಿದ್ಯಾಲಯಗಳ ಪ್ರಬಂಧಕಾರರು ಇಸ್ತಾಂಬುಲಿಗೆ ಹೋಗಲು ವಿದ್ಯಾರ್ಥಿವೇತನ ದೊರೆಯಲಿಲ್ಲವೆಂದು ಕೊರಗುವಾಗ ಈ ಸಂಗತಿಯನ್ನು ಒಮ್ಮೆ ನೆನೆದುಕೊಳ್ಳಬೇಕು.

ಇಂದು ಅಂಕಾರಾ ಎನಿಸಿರುವ ಅಂಗೋರಾದ ತುರ್ಕಿ ಮಹಾಸಭೆಯ ಒಂದು ನಿರ್ಣಯವು ದೆಹಲಿಗೆ ಒಂದು ವಿದ್ಯಾಪೀಠವನ್ನು ತಂದುಕೊಟ್ಟಿತೆಂದರೆ ಓದುಗರು ಅತಿಶಯೋಕ್ತಿಯೆಂದುಕೊಂಡಾರು. ಆದರೆ ಕಾರ್ಯಕಾರಣಗಳ ಸರಪಣಿಯನ್ನು ಹಿಡಿದು ನಡೆದರೆ ಹಾಗೆಯೇ ಹೇಳಬೇಕಾಗುತ್ತದೆ. ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ ಸ್ಥಾಪನೆಯಾದುದು 1920ರ ಅಕ್ಟೋಬರ್ 29ರಂದು, ಅಲಿಗಢದಲ್ಲಿ, ಅಸಹಕಾರ ಮತ್ತು ಖಿಲಾಫತ್ ಚಳವಳಿಗಳ ಕಾವಿನಲ್ಲಿ; ಅದರ ಅಸ್ತಿಭಾರವನ್ನು ಹಾಕಿದವರು, ಹಿಜಾಜಿನಲ್ಲಿ ಆಟೊಮನ್ ರಾಜ್ಯಪಾಲನನ್ನು ಕಂಡು ಬಂದ ಅಪರಾಧಕ್ಕಾಗಿ ಮಾಲ್ಟಾ ದ್ವೀಪದಲ್ಲಿ ಸೆರೆಯಿದ್ದು ಬಂದಿದ್ದ ದೇವಬಂದದ ಮೌಲಾನಾ ಮಹಮೂದ್ ಹಸನ್; ಮೊದಲ ಕುಲಪತಿ ಹಕೀಂ ಅಜ್ಮಲ್ ಖಾನ್, ಮೊದಲ ಉಪಕುಲಪತಿ ಮಹಮದ್ ಅಲಿ. ಅದರ ಖರ್ಚು ನಡೆಯುತ್ತಿದ್ದುದು ಮುಖ್ಯವಾಗಿ ಖಿಲಾಫತ್ ಸಮಿತಿಯ ನೆರವಿನಿಂದ. 1924ರ ಮಾರ್ಚ್ 3ರಂದು ಮುಸ್ತಫಾ ಕೆಮಾಲರ ಮಹಾಸಭೆಯು ಖಲೀಫನ ಪದವಿಯನ್ನೇ ರದ್ದುಗೊಳಿಸಲು, ಯಾವ ಪೀಠದ ರಕ್ಷಣೆಗಾಗಿ ಭಾರತದಲ್ಲಿ ಲಕ್ಷಾಂತರ ಜನ ಬೀದಿಗಿಳಿದಿದ್ದರೋ ಆ ಪೀಠವನ್ನು ಅದರ ಒಡೆಯರೇ ಕಿತ್ತುಹಾಕಿದಂತಾಗಿ, ಸಮಿತಿಯ ಬುಡವೂ ಅದರ ಬೊಕ್ಕಸವೂ ಏಕಕಾಲದಲ್ಲಿ ಬರಿದಾದವು. ಸಂಸ್ಥೆಯನ್ನು ಮುಚ್ಚಿಬಿಡಬೇಕೆನ್ನುವವರೆಗೂ ಮಾತು ಹೋಯಿತು. ಗಾಂಧೀಜಿಯವರ ಅಭಯ, ಅಜ್ಮಲ್ ಖಾನರ ಉದಾರತೆ, ಅನ್ಸಾರಿಯವರ ಪ್ರಯತ್ನ ಇವುಗಳಿಂದ ಅದು 1925ರಲ್ಲಿ ಅಲಿಗಢವನ್ನು ಬಿಟ್ಟು ದೆಹಲಿಯ ಕರೋಲ್‌ಬಾಗಿಗೆ ಬಂದು ನೆಲೆಸಿತು. ಅನಂತರ ಜರ್ಮನಿಯಿಂದ ಹಿಂದಿರುಗಿದ ಜಾಕಿರ್ ಹುಸೇನ್, ಆಬಿದ್ ಹುಸೇನ್, ಮುಜೀಬ್ ಎಂಬ ಮೂವರು ತರುಣರು ಅತ್ಯಲ್ಪ ವೇತನಕ್ಕೆ ದುಡಿದು ಅದನ್ನು ಉಳಿಸಿದ ಕಥೆಯನ್ನು ಕನ್ನಡ ಓದುಗರೂ ಅಷ್ಟಿಷ್ಟು ಬಲ್ಲರು.

ಖಲೀಫನನ್ನು ಕಳೆದ ತುರ್ಕಿಯೊಡನೆ ಏನು ಮಾಡಬೇಕೆಂಬ ಪ್ರಶ್ನೆಗೆ ಜಾಮಿಯಾ ಕೊಟ್ಟ ಉತ್ತರವು ನನಗೆ ಬಹಳ ಮೆಚ್ಚಿಕೆಯಾದುದು. ಮುನಿಸಿಕೊಳ್ಳುವುದಕ್ಕೆ ಬದಲಾಗಿ ಅದು ತುರ್ಕರನ್ನೇ ಕರೆದು, ನೀವು ಹೀಗೇಕೆ ಮಾಡಿದಿರಿ ಹೇಳಿ ಎಂದಿತು. ಅನ್ಸಾರಿಯವರ ಮುಂದಾಳತನದಲ್ಲಿ ಏರ್ಪಟ್ಟ ವಿಶೇಷ ಉಪನ್ಯಾಸಮಾಲೆಗೆ 1933ರಲ್ಲಿ ಬಂದವರು, ಬಾಲ್ಕನ್ ಯುದ್ಧದ ಕಾಲದಲ್ಲಿ ‘ಹಮೀದಿಯೆ’ ಎಂಬ ಯುದ್ಧನೌಕೆಯ ನಾಯಕನಾಗಿ ಭಾರತದವರೆಗೂ ಕೀರ್ತಿ ಹರಡಿದ್ದ, ಅನಂತರ ಪ್ರಧಾನಮಂತ್ರಿಯೂ ಆಗಿದ್ದ ಹುಸೇನ್ ರವೂಫ್ ಬೇ. 1935ರ ಆದಿಯಲ್ಲಿ ಬಂದವರು ಹಾಲಿದೆ ಎದೀಬ್ ಎಂಬ ಲೇಖಕಿ. 1919ರಲ್ಲಿ ಇಸ್ತಾಂಬುಲಿನ ಸುಲ್ತಾನ್ ಅಹಮದ್ ಚೌಕದಲ್ಲಿ ಜನಸಾಗರದ ಮುಂದೆ ಭಾಷಣ ಮಾಡಿ, ಅನಟೋಲಿಯಕ್ಕೆ ತಪ್ಪಿಸಿಕೊಂಡು ಹೋಗಿ, ಸ್ವಾತಂತ್ರ್ಯಯುದ್ಧದಲ್ಲಿ ಸೈನಿಕ ದರ್ಜೆಯನ್ನು ಪಡೆದು ಸೇವೆ ಸಲ್ಲಿಸಿದ ಈ ಕಾದಂಬರಿಕಾರ್ತಿಯ ಮೊದಲ ಉಪನ್ಯಾಸಕ್ಕೆ ಅಧ್ಯಕ್ಷರಾಗಿ ಕುಳಿತವರು ಗಾಂಧೀಜಿ. ಮುಂದಿನ ಉಪನ್ಯಾಸಗಳ ಅಧ್ಯಕ್ಷರಲ್ಲಿ ಇಕ್ಬಾಲರೂ ಇದ್ದರು. ದರಿಯಾಗಂಜಿನಲ್ಲಿದ್ದ ಅನ್ಸಾರಿಯವರ ಮನೆ ‘ದಾರುಸ್ಸಲಾಮ್’ ಆಕೆಯ ಬಿಡಾರವಾಯಿತು. ಆ ಉಪನ್ಯಾಸಗಳು ಅದೇ ವರ್ಷ, ತುರ್ಕಿಯಲ್ಲಿ ಪೂರ್ವಪಶ್ಚಿಮಗಳ ಸಂಘರ್ಷವನ್ನು ಕುರಿತ ಇಂಗ್ಲಿಷ್ ಗ್ರಂಥವಾಗಿ ಜಾಮಿಯಾದಿಂದಲೇ ಪ್ರಕಟವಾದವು; ಭಾರತದ ಪ್ರವಾಸದಲ್ಲಿ ಕಂಡದ್ದನ್ನು ಆಕೆ ಬರೆದ ಪುಸ್ತಕವು 1937ರಲ್ಲಿ ಲಂಡನ್ನಿನಲ್ಲಿ ಹೊರಬಂದಿತು.

ಈ ಪ್ರಕರಣದಲ್ಲಿ ಪ್ರಬಂಧಕಾರನು ಗಮನಿಸತಕ್ಕ ಒಂದು ಸೂಕ್ಷ್ಮವಿದೆ. ಜಾಮಿಯಾಕ್ಕೆ ಬಂದ ಈ ಇಬ್ಬರು ತುರ್ಕರೂ ಅಂದು ತಮ್ಮ ದೇಶದಲ್ಲಿ ವಾಸಿಸಲಾಗದವರು. ಕೆಮಾಲರೊಡನೆ ಭೇದವುಂಟಾಗಿ ರವೂಫ್ ಬೇ ದೇಶಾಂತರದಲ್ಲಿದ್ದರು; ಹಾಲಿದೆಯೂ ಆಕೆಯ ಪತಿ ಅದ್ನಾನರೂ ಇಪ್ಪತ್ತರ ದಶಕದ ನಡುವಿನಿಂದ ಇಂಗ್ಲೆಂಡು, ಫ್ರಾನ್ಸುಗಳಲ್ಲಿದ್ದು 1939ರಲ್ಲಿ ಮಾತ್ರವೇ ನೆಲೆಯಾಗಿ ಮರಳಿದರು. ಎಂದರೆ ದೆಹಲಿಯು ಗಣರಾಜ್ಯದ ಸಮರ್ಥನೆಯನ್ನು ಕೇಳಿದ್ದು ಗಣರಾಜ್ಯದ ವಿರೋಧಪಕ್ಷದವರ ಬಾಯಿಂದ. ಸುಧಾರಣೆಗಳನ್ನು ಒಪ್ಪಿಯೂ ಸುಧಾರಕನ ಏಕಾಧಿಪತ್ಯವನ್ನು ಒಪ್ಪದ, ಆಟೊಮನ್ ಸಂಸ್ಥೆಗಳ ಒಳಗಿನ ಗುಣದೋಷಗಳಿಂದಲೇ ಹೊಸ ರಾಷ್ಟ್ರದ ಉದಯವನ್ನು ವಿವರಿಸುವ ಆ ಉಪನ್ಯಾಸಗಳನ್ನು, ಅಂಗೋರಾದ ಅಧಿಕೃತ ಹೇಳಿಕೆಯೆಂದು ಹಿಡಿದು ಬರೆದ ಅಧ್ಯಾಯವು ಎಷ್ಟೇ ಅಡಿಟಿಪ್ಪಣಿಗಳಿಂದ ಅಲಂಕೃತವಾಗಿದ್ದರೂ ಬುಡದಲ್ಲಿಯೇ ಓರೆಯಾಗುತ್ತದೆ. ಯಾರು ಹೇಳಿದರೆಂಬುದಷ್ಟೇ ಅಲ್ಲ, ಹೇಳುವಾಗ ಅವರು ಎಲ್ಲಿ ನಿಂತಿದ್ದರೆಂಬುದನ್ನೂ ಕೇಳುವುದನ್ನು ಕಲಿಯಲು ಹಾಲಿದೆಯ ಗ್ರಂಥಕ್ಕಿಂತ ಒಳ್ಳೆಯ ಪಾಠಪುಸ್ತಕವು ದೆಹಲಿಯಲ್ಲಿ ಬೇರೊಂದಿಲ್ಲ.

ಇದಕ್ಕಿಂತ ಹಳೆಯ ಪದರವನ್ನು ಬಯಸುವವರಿಗೂ ದೆಹಲಿಯಲ್ಲಿ ಕೊರತೆಯಿಲ್ಲ. ಪೋರ್ಚುಗೀಸರೊಡನೆ ಹೋರಾಡಿ, ಬಿರುಗಾಳಿಗೆ ಸಿಕ್ಕಿ, ನೌಕೆಗಳನ್ನು ಕಳೆದುಕೊಂಡು 1554ರಲ್ಲಿ ಗುಜರಾತಿನ ತೀರವನ್ನು ಸೇರಿದ ಆಟೊಮನ್ ನೌಕಾಧಿಪತಿ ಸೀದಿ ಅಲಿ ರಯೀಸನು ಸಿಂಧ್, ಮುಲ್ತಾನ್, ಲಾಹೋರುಗಳ ಮಾರ್ಗವಾಗಿ ದೆಹಲಿಗೆ ಬಂದು ಹುಮಾಯೂನನ ಆಸ್ಥಾನದಲ್ಲಿ ಕೆಲವು ಕಾಲ ಇದ್ದನು. ಚಗತಾಯಿ ತುರ್ಕಿಯಲ್ಲಿ ಗಜಲುಗಳನ್ನು ಕಟ್ಟಿ ಹಾಡಿ, ಅಲಿ ಶೇರ್ ನವಾಯಿಗೆ ಸಾಟಿಯೆಂದು ಬಾದಶಹನಿಂದ ಹೊಗಳಿಸಿಕೊಂಡು, ಊರಿಗೆ ಹೋಗಲು ಅಪ್ಪಣೆಗಾಗಿ ಪರದಾಡುತ್ತಿದ್ದ ಅವನ ಪ್ರವಾಸಕಥನವು ಆಟೊಮನ್ ಗದ್ಯದ ರಸವತ್ತಾದ ಕೃತಿಗಳಲ್ಲಿ ಒಂದು. 1556ರ ಜನವರಿಯಲ್ಲಿ ಹುಮಾಯೂನನು ಗ್ರಂಥಾಲಯದ ಮೆಟ್ಟಿಲಿನಿಂದ ಬಿದ್ದು ಮಡಿದಾಗ ಸೀದಿ ಅಲಿಯು ದೆಹಲಿಯಲ್ಲಿಯೇ ಇದ್ದನು. ಅಕ್ಬರನಿಗೆ ಸುದ್ದಿ ಮುಟ್ಟುವವರೆಗೆ ಸಾವನ್ನು ಬಚ್ಚಿಡಬೇಕೆಂದು ತಾನೇ ಸಲಹೆ ಕೊಟ್ಟುದಾಗಿ ಬರೆದುಕೊಂಡಿದ್ದಾನೆ. ಆ ಗ್ರಂಥಾಲಯವಿದ್ದ ಪುರಾನಾ ಕಿಲಾದ ಶೇರ್ ಮಂಡಲವನ್ನು ನೋಡಲು ಹೋಗುವ ಜನರಲ್ಲಿ ಎಷ್ಟು ಮಂದಿಗೆ ಈ ಆಟೊಮನ್ ಸಾಕ್ಷಿಯ ಪರಿಚಯವಿದೆಯೋ! ಇನ್ನು ಬಾಬರನ ಆತ್ಮಕಥೆಯು ಚಗತಾಯಿ ತುರ್ಕಿಯಲ್ಲಿ ಹುಟ್ಟಿತೆಂಬುದೂ, 1589ರಲ್ಲಿ ಅಬ್ದುರ್ ರಹೀಂ ಖಾನಖಾನಾನನು ಅದನ್ನು ಪಾರಸಿಗೆ ತಿರುಗಿಸಿದನೆಂಬುದೂ, ಅದರ ಸಚಿತ್ರ ಪ್ರತಿಯೊಂದು ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆಯೆಂಬುದೂ ಪ್ರಸಿದ್ಧವಾದ ವಿಷಯಗಳಾದ್ದರಿಂದ ಬೆಳೆಸುವ ಅಗತ್ಯವಿಲ್ಲ. ಚಗತಾಯಿಯೂ ಇಸ್ತಾಂಬುಲಿನ ತುರ್ಕಿಯೂ ಒಂದೇ ಭಾಷೆಯಲ್ಲವೆಂಬುದನ್ನು ಮಾತ್ರ, ಪ್ರಬಂಧದ ರೂಪುರೇಷೆಯನ್ನು ಸಲ್ಲಿಸುವ ಮುನ್ನವೇ ಮಾರ್ಗದರ್ಶಕರು ಶಿಷ್ಯನಿಗೆ ಹೇಳಿಬಿಡುವುದು ಒಳ್ಳೆಯದು.

ಸ್ವಾತಂತ್ರ್ಯದ ತರುವಾಯ ವಿಷಯವು ಕವಿಗಳ, ವೈದ್ಯರ, ಪತ್ರಕರ್ತರ ಕೈಯನ್ನು ಬಿಟ್ಟು ವಿಶ್ವವಿದ್ಯಾಲಯದ ಕೈಗೆ ಬಂದಿತು. 1955ರಲ್ಲಿ ಸಪ್ರೂ ಹೌಸಿನಲ್ಲಿ, ಅಪ್ಪಾದೊರೈಯವರ ನಿರ್ದೇಶಕತ್ವದಲ್ಲಿ, ಅಂತಾರಾಷ್ಟ್ರೀಯ ಅಧ್ಯಯನದ ಭಾರತೀಯ ಶಾಲೆಯೊಂದು ಆರಂಭವಾಯಿತು. 1970ರಲ್ಲಿ ಅದು ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ಲೀನವಾಗಿ, ಪಶ್ಚಿಮ ಏಷ್ಯದ ಅಧ್ಯಯನವು ಅಲ್ಲಿಯ ಒಂದು ವಿಭಾಗವಾಯಿತು. ಕಾಲದ ಕುಚೋದ್ಯವನ್ನು ನೋಡಿ: 1955 ಎಂಬುದು ಭಾರತ ತುರ್ಕಿಗಳ ನಡುವಿನ ಸ್ನೇಹವು ತೀರ ತಣ್ಣಗಾದ ವರ್ಷ. ಮೂರು ವರ್ಷಗಳ ಹಿಂದೆಯೇ ನ್ಯಾಟೋ ಕೂಟವನ್ನು ಸೇರಿದ್ದ ತುರ್ಕಿಯು ಆ ಫೆಬ್ರುವರಿಯಲ್ಲಿ ಇರಾಕಿನೊಡನೆ ಬಾಗ್ದಾದ್ ಒಪ್ಪಂದವನ್ನು ಮಾಡಿಕೊಂಡಿತು, ಸೆಪ್ಟೆಂಬರಿನಲ್ಲಿ ಪಾಕಿಸ್ತಾನವೂ ಅದರೊಳಕ್ಕೆ ಬಂದಿತು. ನಡುವೆ ಏಪ್ರಿಲಿನಲ್ಲಿ ನಡೆದ ಬಾಂಡುಂಗ್ ಸಮ್ಮೇಳನದಲ್ಲಿ ತುರ್ಕಿಯ ಪ್ರತಿನಿಧಿ ಜೋರ್ಲು ಅವರು ನೆಹರೂ ಅವರ ತಟಸ್ಥ ನೀತಿಗೆ ವಿರುದ್ಧವಾಗಿ ವಾದಿಸಿದರು. ನೆಹರೂ ಅವರು ಅಂಗೋರಾಕ್ಕೆ ಭೇಟಿ ಕೊಟ್ಟದ್ದು 1960ರ ಮೇ ತಿಂಗಳಿನಲ್ಲಿ. ಅವರು ಹಿಂದಿರುಗಿದ ಕೆಲವೇ ದಿನಗಳಲ್ಲಿ, 27ರಂದು, ಅತಿಥೇಯರಾಗಿದ್ದ ಸರ್ಕಾರವನ್ನು ಸೈನ್ಯವು ಉರುಳಿಸಿತು. ಹೀಗಿರುವಾಗ ಹೊಸ ಪೀಳಿಗೆಯ ವಿದ್ಯಾರ್ಥಿಗಳ ವಿಷಯಗಳು ಸೈಪ್ರಸ್, ನ್ಯಾಟೋ, ಸೈನಿಕ ಕ್ರಾಂತಿ, ಪಾಕಿಸ್ತಾನದೊಡನೆ ತುರ್ಕಿಯ ಮೈತ್ರಿ ಎಂದು ಮೊದಲಾಗಿ ಬದಲಾದುದರಲ್ಲಿ ಆಶ್ಚರ್ಯವಿಲ್ಲ. ಒಲವಿನ ಕಣ್ಣಿನಿಂದ ನೋಡುವ ಅಭ್ಯಾಸವು ಹೋಗಿ ಶಂಕೆಯ ಕಣ್ಣಿನಿಂದ ನೋಡುವ ಅಭ್ಯಾಸವು ಬಂದಿತು.

ಈ ಪರಿವರ್ತನೆಯಲ್ಲಿ ಆದ ದೊಡ್ಡ ನಷ್ಟವು ಭಾಷೆಯದು. ವಿದೇಶಾಂಗ ನೀತಿಯನ್ನು ಕುರಿತು ಬರೆಯಲು ಇಂಗ್ಲಿಷ್ ಪತ್ರಿಕೆಗಳೂ ಅಮೆರಿಕದ ಪುಸ್ತಕಗಳೂ ಸಾಕೆಂಬ ಭಾವನೆಯು ಬೇರೂರಿ, ತುರ್ಕಿಯ ಒಂದು ವಾಕ್ಯವನ್ನೂ ಓದಲಾರದವರು ತುರ್ಕಿಯ ಮೇಲೆ ಪ್ರಬಂಧ ಬರೆದು ಪದವಿಯನ್ನು ಪಡೆಯುವುದು ಸಾಧ್ಯವಾಯಿತು. ಭಾಷೆಯನ್ನು ಕಲಿಯಲು ಬಯಸುವವನಿಗೂ ಸುಲಭದ ದಾರಿಯಿರಲಿಲ್ಲ. 1928ರ ನವೆಂಬರ್ 1ರಂದು ತುರ್ಕಿಯು ಅರಬ್ಬೀ ಲಿಪಿಯನ್ನು ತೊರೆದು ರೋಮನ್ ಲಿಪಿಯನ್ನು ಕಾನೂನಿನ ಮೂಲಕ ಸ್ವೀಕರಿಸಿದ್ದರಿಂದ, ಇಂದಿನ ಪಾಠಪುಸ್ತಕದಿಂದ ತುರ್ಕಿಯನ್ನು ಕಲಿತವನು 1927ರ ಪತ್ರಿಕೆಯನ್ನು ಓದಲಾರನು. ಹಳೆಯ ದೆಹಲಿಯ ಉರ್ದು ಬಲ್ಲ ಹುಡುಗನಾದರೋ ಆ ಪತ್ರಿಕೆಯ ಅಕ್ಷರಗಳನ್ನು ಥಟ್ಟನೆ ಗುರುತಿಸುವನು, ಆದರೆ ಒಂದೇ ‘ಕಾಫ್’ ಅಕ್ಷರವು ಒಂದೆಡೆ ಕ, ಒಂದೆಡೆ ಗ, ಒಂದೆಡೆ ಯ, ಮತ್ತೊಂದೆಡೆ ನ ಎಂದು ಉಚ್ಚಾರವಾಗುವ ಆ ಬರಹದಲ್ಲಿ, ಭಾಷೆ ಬಾರದವನಿಗೆ ಅಕ್ಷರಜ್ಞಾನದಿಂದ ಏನು ಪ್ರಯೋಜನ? ಎರಡನ್ನೂ ಕೂಡಿಸಿಕೊಂಡವನು, 1890ರ ರೆಡ್‌ಹೌಸ್ ನಿಘಂಟನ್ನು ಮಗ್ಗುಲಲ್ಲಿಟ್ಟುಕೊಂಡು ದಿನಕ್ಕೆ ಅರ್ಧ ಪುಟದಂತೆ ಮುಂದುವರಿಯಬೇಕು. ಕನ್ನಡಿಗನಿಗೆ ಇಲ್ಲಿ ಒಂದು ಅನುಕೂಲವಿದೆಯೆಂಬುದನ್ನು ಹೇಳದೆ ಬಿಡಲಾರೆ: ಪ್ರತ್ಯಯದ ಮೇಲೆ ಪ್ರತ್ಯಯವನ್ನು ಹೊಂದಿಸುತ್ತ ಪದವನ್ನು ಬೆಳೆಸುವುದೂ, ಕ್ರಿಯಾಪದವನ್ನು ವಾಕ್ಯದ ಕೊನೆಗೆ ಕಾಯ್ದಿರಿಸುವುದೂ, ವಿಭಕ್ತಿಯನ್ನು ನಾಮದ ಅನಂತರ ಇಡುವುದೂ ತುರ್ಕಿಯ ಸ್ವಭಾವವಾದುದರಿಂದ, ಇಂಗ್ಲಿಷಿನವರು ತಿಣುಕುವ ಕಡೆಗಳಲ್ಲಿ ನಮ್ಮವರು ಸರಾಗವಾಗಿ ನಡೆದುಬಿಡುತ್ತಾರೆ. ಇದನ್ನೇ ಕಂಡು ಕಾಲ್ಡ್‌ವೆಲ್ಲರು 1856ರಲ್ಲಿ ದ್ರಾವಿಡಕ್ಕೂ ಆ ಕುಲಕ್ಕೂ ನೆಂಟಸ್ತಿಕೆಯನ್ನು ಕಲ್ಪಿಸಿದರು. ಪಂಡಿತರು ಆ ವಾದವನ್ನು ಈಗ ಒಪ್ಪುವುದಿಲ್ಲ, ಆದರೆ ಕಲಿಯುವವನಿಗೆ ಅನುಕೂಲವೇನೋ ಉಳಿದೇ ಇದೆ.

ಇನ್ನು ಕೆಲಸದ ಸ್ವರೂಪವನ್ನು ಕುರಿತು ನಾಲ್ಕು ಮಾತು. ದೆಹಲಿಯಲ್ಲಿ ತುರ್ಕಿಯ ವಿಷಯದ ಮೂಲಪತ್ರಗಳಿರುವ ಮುಖ್ಯ ಸ್ಥಳವು ಜನಪಥದ ರಾಷ್ಟ್ರೀಯ ಪತ್ರಾಗಾರ. 1891ರಲ್ಲಿ ಕಲ್ಕತ್ತೆಯಲ್ಲಿ ಸ್ಥಾಪಿತವಾದ ಸಾಮ್ರಾಜ್ಯದ ದಫ್ತರಖಾನೆಯು 1926ರಲ್ಲಿ ಇಲ್ಲಿ ಕಟ್ಟಿದ ಭವನಕ್ಕೆ ಕ್ರಮೇಣ ಸಾಗಿ ಬಂದು, 1937ರ ಹೊತ್ತಿಗೆ ಪೂರ್ಣವಾಗಿ ನೆಲೆಗೊಂಡಿತು. ವಿದೇಶಾಂಗ ಮತ್ತು ರಾಜಕೀಯ ಇಲಾಖೆಯ ಕಡತಗಳಲ್ಲಿ ತುರ್ಕಿಯು ಒಂದು ರಾಜ್ಯ; ಒಪ್ಪಂದ, ಗಡಿ, ಹಜ್ ಯಾತ್ರಿಕರ ಹಡಗು, ಬಸ್ರಾದ ಬಂದರು ಇವು ಅಲ್ಲಿಯ ಮಾತು. ಗೃಹ ಇಲಾಖೆಯ ರಾಜಕೀಯ ಶಾಖೆಯ ಕಡತಗಳಲ್ಲಿ ಅದೇ ತುರ್ಕಿಯು ಒಂದು ಸಂಶಯ. ಗುಪ್ತಚರ ವಿಭಾಗದ ನಿರ್ದೇಶಕನ ವಾರದ ವರದಿಗಳು, ಯಾರ ಮನೆಯಲ್ಲಿ ಯಾರು ಕೂಡಿದರು, ಯಾವ ಮಸೀದಿಯಲ್ಲಿ ಯಾರಿಗಾಗಿ ಪ್ರಾರ್ಥನೆ ನಡೆಯಿತು ಎಂಬುದರಿಂದ ತುಂಬಿವೆ. 1916ರಲ್ಲಿ ಹಳದಿ ರೇಷ್ಮೆಯ ಮೇಲೆ ಬರೆದ ಪತ್ರಗಳು ಸಿಕ್ಕಿ ಬಯಲಾದ ‘ರೇಷ್ಮೆ ಪತ್ರಗಳ ಒಳಸಂಚು’ ಇಲ್ಲಿಯ ಸುಪ್ರಸಿದ್ಧ ಪ್ರಕರಣ. ವಿದ್ಯಾರ್ಥಿಯು ಸೂಚಿಯನ್ನು ನೋಡಿ, ಇಲಾಖೆ, ಶಾಖೆ, ವರ್ಷ, ಸಂಖ್ಯೆಗಳನ್ನು ಚೀಟಿಯಲ್ಲಿ ತುಂಬಿ ಕೊಟ್ಟು ಕಾಯುವನು. ಕೆಲವು ಚೀಟಿಗಳು ಕಡತದೊಡನೆ ಬರುತ್ತವೆ, ಕೆಲವು ‘ಎನ್.ಟಿ.’ ಎಂಬ ಎರಡಕ್ಷರದೊಡನೆ ಬರುತ್ತವೆ. ಆ ಕಾಗದವು ಸಚಿವಾಲಯದಿಂದ ಪತ್ರಾಗಾರಕ್ಕೆ ವರ್ಗವಾಗಿಯೇ ಇಲ್ಲವೆಂದು ಅದರ ಅರ್ಥ. ಓದುವ ಕೊಠಡಿಯಲ್ಲಿ ಈ ಎರಡಕ್ಷರವನ್ನು ಪಡೆಯದ ಸಂಶೋಧಕನು ಇರಲಾರನು. ಪ್ರಬಂಧದ ಅಧ್ಯಾಯವಿಭಾಗವು ಎಷ್ಟೋ ವೇಳೆ ಪಾಂಡಿತ್ಯದಿಂದ ನಿರ್ಧಾರವಾಗದೆ ಇದರಿಂದಲೇ ನಿರ್ಧಾರವಾಗುತ್ತದೆ.

ಪತ್ರ ಸಿಕ್ಕಿದ ಮಾತ್ರಕ್ಕೆ ಕಷ್ಟವು ಮುಗಿಯಲಿಲ್ಲ. ಆಟೊಮನ್ ಸರ್ಕಾರದ ಕಾಗದದಲ್ಲಿ ಹಿಜರಿಯ ಚಾಂದ್ರವರ್ಷವೂ, ಕಂದಾಯದ ಲೆಕ್ಕಕ್ಕಾಗಿ ಬಳಕೆಗೆ ಬಂದ ‘ರೂಮಿ’ ಎಂಬ ಸೌರವರ್ಷವೂ ಅಕ್ಕಪಕ್ಕದಲ್ಲಿ ಇರುತ್ತವೆ. ಬಾಲ್ಕನ್ ಯುದ್ಧವು ಆರಂಭವಾದ 1912ರ ಅಕ್ಟೋಬರ್ ತಿಂಗಳು ಒಂದು ಲೆಕ್ಕದಲ್ಲಿ 1330, ಇನ್ನೊಂದರಲ್ಲಿ 1328. ತುರ್ಕಿಯ ಇತಿಹಾಸದಲ್ಲಿ ‘ಮಾರ್ಚ್ 31ರ ದಂಗೆ’ ಎಂದು ಪ್ರಸಿದ್ಧವಾದುದು ನಮ್ಮ ಪಂಚಾಂಗದಂತೆ ನಡೆದುದು 1909ರ ಏಪ್ರಿಲ್ 13ರಂದು. 1926ರ ಆದಿಯಿಂದ ಮಾತ್ರವೇ ತುರ್ಕಿಯು ಯುರೋಪಿನ ಕಾಲಗಣನೆಯನ್ನು ಪೂರ್ಣವಾಗಿ ಅಂಗೀಕರಿಸಿತು. ಹೆಸರುಗಳ ಗೊಂದಲವೂ ಇಂತಹುದೇ. ಮನೆತನದ ಹೆಸರನ್ನು ಕಡ್ಡಾಯಗೊಳಿಸಿದ 1934ರ ಕಾನೂನಿನ ಮೊದಲು ಹುಸೇನ್ ರವೂಫ್ ಆಗಿದ್ದವರು ಅನಂತರ ರವೂಫ್ ಓರ್ಬಾಯ್, ಹಾಲಿದೆ ಎದೀಬ್ ಆಗಿದ್ದವರು ಹಾಲಿದೆ ಎದೀಬ್ ಅದಿವಾರ್. ಗ್ರಂಥಾಲಯದ ಸೂಚಿಯಲ್ಲಿ ಒಬ್ಬರೇ ಮೂರು ಕಡೆ ಅಡಗಿಕೊಂಡಿರಬಹುದು.

ಇಷ್ಟೆಲ್ಲ ಪಾಡನ್ನು ಪಡಲು ದೆಹಲಿಯಲ್ಲಿ ಒಂದು ಹದವಾದ ಅವಕಾಶವನ್ನು ಒದಗಿಸಿದ್ದುದು ಎಂ.ಫಿಲ್. ಎಂಬ ಪದವಿ. ಎಂ.ಎ. ತರಗತಿಯಲ್ಲಿ ಪರೀಕ್ಷೆಗಳ ಭಾರವೇ ಪ್ರಧಾನ, ಪಿಎಚ್.ಡಿ. ಮಹಾಪ್ರಬಂಧಕ್ಕೆ ವರ್ಷಗಟ್ಟಲೆ ಆಯುಸ್ಸನ್ನು ಸುರಿಯಬೇಕು. ಇವೆರಡರ ನಡುವೆ ಒಂದು ವರ್ಷ ಪಾಠ, ಒಂದು ವರ್ಷ ಕಿರುಪ್ರಬಂಧ ಎಂಬ ಈ ವ್ಯವಸ್ಥೆಯಲ್ಲಿ, ವಿದ್ಯಾರ್ಥಿಯು ಒಂದು ಸಣ್ಣ ಪ್ರಶ್ನೆಯನ್ನು ಹಿಡಿದು, ಎಡವಲು ಅವಕಾಶವಿರುವಾಗಲೇ ಎಡವಿ, ವೃತ್ತಿಯನ್ನು ಕಲಿಯುತ್ತಿದ್ದನು. ಕೊನೆಯ ವಾರಗಳಲ್ಲಿ ಬೇರ್ ಸರಾಯಿಯ ಜೆರಾಕ್ಸ್ ಅಂಗಡಿಗಳಲ್ಲಿ ಪ್ರಬಂಧಗಳು ಮುದ್ರಣವಾಗಿ, ರಟ್ಟು ಹಾಕಿಸಿಕೊಂಡು, ಹೊಂಬಣ್ಣದ ಅಕ್ಷರಗಳನ್ನು ಒತ್ತಿಸಿಕೊಳ್ಳುತ್ತಿದ್ದವು; ತುರ್ಕಿಯ ಚುಕ್ಕೆಯಿಲ್ಲದ ‘ಐ’ ಅಕ್ಷರಕ್ಕೆ ಚುಕ್ಕೆಯಿಟ್ಟು, ಬಾಲವಿರುವ ‘ಎಸ್’ ಅಕ್ಷರದ ಬಾಲವನ್ನು ಕತ್ತರಿಸಿಬಿಡುವ ಟೈಪಿಂಗಿನವರೊಡನೆ ನಡೆಯುವ ವಾಗ್ವಾದವು ಈ ವಿಷಯದ ವಿದ್ಯಾರ್ಥಿಗಳಿಗೆ ಮಾತ್ರ ಮೀಸಲಾದ ಸಂಸ್ಕಾರ. 2022ರ ನವೆಂಬರಿನಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗದ ಹೊಸ ನಿಯಮಾವಳಿಯು ಎಂ.ಫಿಲ್. ಪದವಿಯನ್ನು ನಿಲ್ಲಿಸಿತು. ನೇರವಾಗಿ ಮಹಾಪ್ರಬಂಧಕ್ಕೆ ಹಾರುವವರಿಗೆ ಇದರಿಂದ ಕಾಲ ಉಳಿಯಿತೆಂದು ಹೇಳುವವರಿದ್ದಾರೆ. ಎರಡು ಲಿಪಿ, ಮೂರು ಪಂಚಾಂಗಗಳನ್ನು ಕಲಿಯಬೇಕಾದ ವಿಷಯದಲ್ಲಿ ಆ ಎರಡು ವರ್ಷಗಳನ್ನು ಕಳೆದುಕೊಂಡುದು ಲಾಭವೆಂದು ನಾನು ಎಣಿಸಲಾರೆ.

ರಾಜಕಾರಣದ ಗಾಳಿಯಂತೂ ನಿಂತಿಲ್ಲ. 2017ರ ಮೇ 1ರಂದು ಜಾಮಿಯಾ ವಿಶ್ವವಿದ್ಯಾಲಯವು ತುರ್ಕಿಯ ಅಧ್ಯಕ್ಷ ಎರ್ದೋಗಾನರಿಗೆ ಗೌರವ ಡಾಕ್ಟರೇಟನ್ನು ನೀಡಿತು. 2025ರ ಮೇ ತಿಂಗಳಿನಲ್ಲಿ, ಭಾರತ ಪಾಕಿಸ್ತಾನಗಳ ಸೈನಿಕ ಸಂಘರ್ಷದಲ್ಲಿ ತುರ್ಕಿಯು ಪಾಕಿಸ್ತಾನದ ಪರ ನಿಂತಿತೆಂಬ ಕಾರಣದಿಂದ, ಅದೇ ಜಾಮಿಯಾವು ತುರ್ಕಿ ಸರ್ಕಾರಕ್ಕೆ ಸಂಬಂಧಿಸಿದ ಸಂಸ್ಥೆಗಳೊಡನೆ ಮಾಡಿಕೊಂಡಿದ್ದ ಒಡಂಬಡಿಕೆಗಳನ್ನು ತಡೆಹಿಡಿಯಿತು. ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯವು ಮಲತ್ಯಾ ನಗರದ ಇನೋನು ವಿಶ್ವವಿದ್ಯಾಲಯದೊಡನೆ ಅದೇ ವರ್ಷದ ಫೆಬ್ರುವರಿಯಲ್ಲಿ ಮೂರು ವರ್ಷಗಳ ಅವಧಿಗೆ ಮಾಡಿಕೊಂಡಿದ್ದ ಒಪ್ಪಂದವೂ ಹಾಗೆಯೇ ನಿಂತಿತು. 1924ರ ಬಳಿಕ ಮುನಿಸಿಗೆ ಎಡೆಯಿದ್ದಾಗಲೂ ಆಹ್ವಾನವನ್ನು ಕಳುಹಿಸಿದ ಹಿರಿಯರ ನಡೆಯನ್ನು ಇಲ್ಲಿ ಹೋಲಿಸಿ ನೋಡುವ ಮನಸ್ಸಾಗುತ್ತದೆ. ಆದರೆ ಅಂದಿನ ಜಾಮಿಯಾ ಸರ್ಕಾರದ ಹಣವನ್ನು ಮುಟ್ಟದ ಸಂಸ್ಥೆ, ಇಂದಿನದು ಕೇಂದ್ರ ವಿಶ್ವವಿದ್ಯಾಲಯ ಎಂಬ ವ್ಯತ್ಯಾಸವನ್ನು ಮರೆತು ಹೋಲಿಸುವುದು ನ್ಯಾಯವಾಗದು.

ಇಸ್ತಾಂಬುಲಿಗೆ ಹೋಗುವ ದಾರಿ ಹೀಗೆ ಕಿರಿದಾದಾಗ ದೆಹಲಿಯಲ್ಲಿರುವ ಕನ್ನಡದ ವಿದ್ಯಾರ್ಥಿಗೆ ತನ್ನ ನಾಡಿನ ಕಡೆಯಿಂದಲೇ ಒಂದು ದಾರಿಯುಂಟು. ಬೀದರಿನ ಮಹಮೂದ್ ಗವಾನನು ಆಟೊಮನ್ ಸುಲ್ತಾನ ಎರಡನೆಯ ಮೆಹಮದನಿಗೆ ಬರೆದ ಪತ್ರಗಳು ಅವನ ಪತ್ರಸಂಗ್ರಹದಲ್ಲಿವೆ. ಟಿಪ್ಪು ಸುಲ್ತಾನನು ಕಳುಹಿಸಿದ ಗುಲಾಮ್ ಅಲಿ ಖಾನ್ ಮೊದಲಾದ ರಾಯಭಾರಿಗಳು 1786ರ ಮಾರ್ಚಿನಲ್ಲಿ ಉತ್ತರ ಕನ್ನಡದ ತದಡಿ ಬಂದರಿನಿಂದ ಹೊರಟು, ಮಸ್ಕತ್, ಬಸ್ರಾಗಳ ಮೂಲಕ ಮರುವರ್ಷ ಕಾನ್‌ಸ್ಟಾಂಟಿನೋಪಲನ್ನು ಮುಟ್ಟಿ ಒಂದನೆಯ ಅಬ್ದುಲ್ ಹಮೀದನ ದರ್ಶನವನ್ನು ಪಡೆದರು. ಆ ಯಾತ್ರೆಯ ಮುನ್ಷಿ ಖ್ವಾಜಾ ಅಬ್ದುಲ್ ಖಾದಿರನು ಪಾರಸಿಯಲ್ಲಿ ಬರೆದಿಟ್ಟ ದಿನಚರಿಯನ್ನು ಮೊಹಿಬ್ಬುಲ್ ಹಸನರು 1968ರಲ್ಲಿ ಸಂಪಾದಿಸಿ ಪ್ರಕಟಿಸಿದರು. ಆದರೆ ಆ ರಾಯಭಾರವನ್ನು ಬರಮಾಡಿಕೊಂಡವರ ಪಕ್ಷದ ಕಾಗದಗಳನ್ನು, ಟಿಪ್ಪುವಿಗೂ ಇಬ್ಬರು ಸುಲ್ತಾನರಿಗೂ ನಡೆದ ಪತ್ರವ್ಯವಹಾರವನ್ನು, ಮೂರು ಸಂಪುಟಗಳಲ್ಲಿ ಹಿಂದೂಸ್ತಾನದ ಇತಿಹಾಸವನ್ನು ಬರೆದ ಯೂಸುಫ್ ಹಿಕ್ಮತ್ ಬಾಯೂರರು ತುರ್ಕಿಯ ಇತಿಹಾಸ ಪರಿಷತ್ತಿನ ‘ಬೆಲ್ಲೆತೆನ್’ ಪತ್ರಿಕೆಯಲ್ಲಿ 1948ರಲ್ಲಿಯೇ ಹೊರತಂದಿದ್ದಾರೆ. ಶ್ರೀರಂಗಪಟ್ಟಣದ ಇತಿಹಾಸದ ಈ ಅಧ್ಯಾಯವನ್ನು ಬರೆಯಹೊರಡುವವನು ತುರ್ಕಿಯನ್ನು ಓದಲೇಬೇಕು, ಪಾರಸಿಯನ್ನೂ ಓದಬೇಕು. ಮೈಸೂರಿನ ಅಂತ್ಯಕಾಲದ ಕುರಿತು ವಿದೇಶಾಂಗ ಇಲಾಖೆಯಲ್ಲಿರುವ ಕಂಪನಿಯ ಕಾಗದಗಳಿಗಾಗಿ ಜನಪಥದಲ್ಲಿ ಚೀಟಿ ಬರೆದುಕೊಡಬೇಕು.